ಶ್ಯಾವಿಗೆ ಒಣಗಿಸುತ್ತಿದ್ದ ಗಾಲಿ

ಅದು 1975ರ ಬೇಸಿಗೆ. ನಾನು ಮದುವೆಯಾಗಿ ಬೈಲಹೊಂಗಲಕ್ಕೆ ಬಂದು ಎರಡನೆಯ ವರ್ಷ. ನಮ್ಮ ಮನೆಯವರದು ಹೂಲಿಯ ಅರ್ಚಕರ ಮನೆತನ. ಮಂತ್ರ ಕಲಿಯಬೇಕಾದ ಮಗ ಹುಬ್ಬಳ್ಳಿಗೆ ಹೋಗಿ ಮೋಟಾರು ರಿಪೇರಿ ಕಲಿತು ಬಂದು, ಪೇಟೆಯ ತುದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಊರವರು ಅದನ್ನು ‘ಭಟ್ಟರ ಗ್ಯಾರೇಜು’ ಎಂದು ಕರೆಯುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದರೆ ಸಾಕು, ನಮ್ಮ ಮಾವನವರ ಮುಖ ಗಂಟಾಗುತ್ತಿತ್ತು. ಶೆಡ್ಡಿನೊಳಗೆ ಅವರು ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಒಂದು ಬೆಳಗ್ಗೆ ಕಿತ್ತೂರಿನ ಕಡೆಯ ಹಳ್ಳಿಯೊಂದರಿಂದ ದೇಸಾಯರೊಬ್ಬರು ಗ್ಯಾರೇಜಿಗೆ ಬಂದರು. ಎಪ್ಪತ್ತು ದಾಟಿದ ಹಿರಿಯರು. ಹರೆಯದಲ್ಲಿ ಮುಂಬಯಿಯಿಂದ ತರಿಸಿದ ವಿಲಾಯತಿ ಕಾರೊಂದು ಅವರ ವಾಡೆಯಲ್ಲಿತ್ತು. ಇಬ್ಬರೇ ಕೂರುವಂಥ, ಮೇಲೆ ತೆರೆದಿರುವ ಕೆಂಪು ಕಾರು. ಅದಕ್ಕೆ ಮೊದಲು ಸೈಕಲ್ಲಿನಂತೆ ಕಡ್ಡಿಗಳಿರುವ ಗಾಲಿಗಳಿದ್ದವು. ಕಡ್ಡಿ ಪದೇ ಪದೇ ಸಡಿಲಾಗುತ್ತವೆಂದು ಯಾರೋ ಮೇಸ್ತ್ರಿ ಅವನ್ನು ತೆಗೆದು ಸಾದಾ ತಗಡಿನ ಗಾಲಿ ಜೋಡಿಸಿಕೊಟ್ಟಿದ್ದ. ದೇಸಾಯರಿಗೆ ಈಗ ಹಳೆಯ ಗಾಲಿಗಳೇ ಬೇಕಿದ್ದವು, ಅದೂ ಬೇಗ. ಅವರ ಎರಡೂ ಕಣ್ಣು ಮಂಜಾಗುತ್ತಿದ್ದವು. ಆಪರೇಷನ್ನಿನಿಂದಲೂ ಉಪಯೋಗವಿಲ್ಲ, ಇನ್ನು ಕೆಲವು ತಿಂಗಳು ಕಂಡರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರಂತೆ.

“ಕಣ್ಣ ಇರೂದರಾಗ ಅದರ ಗಾಲಿ ಮ್ಯಾಲ ಅದನ್ನ ನೋಡಬೇಕ್ರಿ. ಈಗ ನೋಡಿದ್ರ ಮಂದಿ ಚಪ್ಪಲಿ ಮೆಟ್ಟಿಕೊಂಡ ನಿಂತಂಗ ಕಾಣತೈತಿ” ಎಂದರು.

ನಮ್ಮವರು ಹಿಂದುಮುಂದು ನೋಡದೆ ಹೂಂ ಎಂದುಬಿಟ್ಟರು. ಅಂಥ ಗಾಲಿಯನ್ನು ತಾವು ಜನ್ಮದಲ್ಲಿ ಮುಟ್ಟಿಲ್ಲ ಎಂಬುದನ್ನು ರಾತ್ರಿ ಊಟಕ್ಕೆ ಕುಳಿತಾಗ ನನಗೆ ಹೇಳಿದರು. ಸಿಟ್ಟು ಬಂದರೂ ನಗು ತಡೆಯಲಾಗಲಿಲ್ಲ.

ವಾಡೆಯ ಅಟ್ಟದ ಮೇಲೆ ನಾಲ್ಕು ಕಡ್ಡಿಗಾಲಿಗಳು ಸಿಕ್ಕವು. ನೋಡಲು ನಾಲ್ಕೂ ಒಂದೇ ಥರ. ಆದರೆ ನಾಲ್ಕನೆಯದು ಕಾರಿನ ಅಚ್ಚಿಗೆ ಕೂಡಲೇ ಇಲ್ಲ. ಅದರಲ್ಲಿ ಕಡ್ಡಿಗಳು ಕಡಿಮೆ, ನಡುವಿನ ಗುಂಬದೊಳಗಿನ ಹಲ್ಲುಗಳೂ ಅಗಲ. ಅದು ದೇಸಾಯರ ತಮ್ಮ ಯಾವತ್ತೋ ಮಾರಿದ ಇನ್ನೊಂದು ಕಾರಿನದು. ಹಾಗಾದರೆ ಇದರ ನಾಲ್ಕನೆಯ ಗಾಲಿ ಎಲ್ಲಿ? ದೇಸಾಯರು ಬಹಳ ಹೊತ್ತು ಯೋಚಿಸಿ, ಅದನ್ನು ಸಿರಸಂಗಿಯಲ್ಲಿರುವ ತಂಗಿ ಗಂಗವ್ವನವರು ಕೇಳಿ ಒಯ್ದದ್ದನ್ನು ನೆನಪಿಸಿಕೊಂಡರು. ಅಡುಗೆಮನೆಗೆ ಬೇಕು ಎಂದಿದ್ದರಂತೆ. ಅಡುಗೆಮನೆಯ ವಸ್ತು ಕೇಳಲು ಹೆಂಗಸರೇ ಸರಿ ಎಂದು ನಮ್ಮವರು ನನ್ನನ್ನೂ ಬಸ್ಸು ಹತ್ತಿಸಿದರು.

ಗಂಗವ್ವನವರ ಅಡುಗೆಮನೆಯಲ್ಲಿ ಗಾಲಿ ಜಂತಿಯಿಂದ ಹಗ್ಗಕ್ಕೆ ಅಡ್ಡಲಾಗಿ ತೂಗಾಡುತ್ತಿತ್ತು. ಆಗಷ್ಟೇ ಹೊಸೆದ ಹಸಿ ಶ್ಯಾವಿಗೆ ಅದರ ಕಡ್ಡಿಗಳ ತುಂಬ ಇಳಿಬಿದ್ದಿತ್ತು. ನಮ್ಮವರು ಅದರ ಕೆಳಗೆ ನಿಂತು, ಗುಂಬದೊಳಗೆ ಬೆರಳು ಹಾಕಿ ಹಲ್ಲು ಸವರಿ, ಇದೇ ಎಂದು ನನ್ನತ್ತ ತಲೆ ಆಡಿಸಿದರು.

ನಾನು ವಿಷಯ ತಿಳಿಸಿದೆ. ಅಣ್ಣನ ಕಣ್ಣಿನ ಸುದ್ದಿ ಅವರಿಗೆ ಗೊತ್ತೇ ಇರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, “ಗಾಲಿ ಒಯ್ರಿ. ಆದರ ಶ್ಯಾವಿಗಿ ಒಣಗೂತನಕಾ ಮುಟ್ಟಬ್ಯಾಡ್ರಿ. ಉಂಡ ಹೋಗ್ರಿ” ಎಂದರು.

ಸಂಜೆಯವರೆಗೂ ಕುಳಿತೆವು. ಹಾಲು ಬೆಲ್ಲ ಹಾಕಿದ ಶ್ಯಾವಿಗೆಯನ್ನು ನಮ್ಮವರು ಎರಡು ಸಲ ನೀಡಿಸಿಕೊಂಡರು. ಅರ್ಚಕರ ಮಗ ಬೇರೆ ಜಾತಿಯವರ ಮನೆಯಲ್ಲಿ ಉಂಡ ಸುದ್ದಿ ಹೂಲಿಯವರೆಗೆ ಹೋಗಬಾರದೆಂದು ಬಸ್ಸಿನಲ್ಲಿ ನನಗೆ ತಾಕೀತು ಬೇರೆ.

ತಮಾಷೆಯೆಂದರೆ ಅಟ್ಟದ ಮೇಲಿದ್ದ ಮೂರು ಗಾಲಿಗೆ ತುಕ್ಕು ಹಿಡಿದಿತ್ತು. ಒಲೆಯ ಹೊಗೆ, ಎಣ್ಣೆಯ ಜಿಡ್ಡು ಕುಡಿದ ಗಂಗವ್ವನವರ ಗಾಲಿ ಮಸಿ ಉಜ್ಜಿದೊಡನೆ ಹೊಳೆಯತೊಡಗಿತು. ಮುರಿದ ಕಡ್ಡಿಗಳ ಬದಲಿಗೆ ನಮ್ಮವರು ಬೆಳಗಾವಿಯಲ್ಲಿ ಹೊಸವನ್ನು ಮಾಡಿಸಿ ತಂದರು. ಗಾಲಿಯನ್ನು ಅಚ್ಚಿಗೆ ಏರಿಸಿ, ಪಕ್ಕಕ್ಕೆ ಸೀಮೆಸುಣ್ಣ ಹಿಡಿದು, ಓರೆ ತೆಗೆದರು. ಕೈಯಿಂದ ತಿರುಗಿಸಿದರೆ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಆದರೆ ರಸ್ತೆಗಿಳಿದು ಎರಡು ಮೈಲಿ ಹೋದರೆ ಮತ್ತೆ ಸೊಟ್ಟ. ಬಿಚ್ಚುವುದು, ಕಟ್ಟುವುದು, ಬಿಚ್ಚುವುದು. ಮಳೆಗಾಲ ಮುಗಿಯುತ್ತ ಬಂತು. ದೇಸಾಯರು ಪ್ರತಿ ಸಲ ಬಂದಾಗಲೂ ಬಾಗಿಲ ಚೌಕಟ್ಟು ಹೆಚ್ಚು ಹೆಚ್ಚು ತಡವುತ್ತಿದ್ದರು. ನಮ್ಮವರಿಗೆ ಅನ್ನ ಇಳಿಯದಾಯಿತು.

ಒಂದು ಮಧ್ಯಾಹ್ನ ಬುತ್ತಿ ಒಯ್ದಾಗ ಅವರು ಬೇಸರದಿಂದ ನಟ್ಟು ತಿರುಗಿಸುವ ಪಾನಾದ ತುದಿಯಿಂದ ಕಡ್ಡಿಗಳನ್ನು ಸುಮ್ಮನೆ ಬಡಿಯುತ್ತಿದ್ದರು. ನಾನು ತವರಿನಲ್ಲಿ, ಧಾರವಾಡದಲ್ಲಿ, ಮದುವೆಯವರೆಗೂ ಗಾಯನ ಕಲಿತವಳು. ಕಿವಿಗೆ ಕಿರಿಕಿರಿಯಾಗಿ, “ಅದೊಂದರ ಸ್ವರ ಇಳದದ ನೋಡ್ರಿ” ಎಂದೆ. ಅವರು ಕೈ ನಿಲ್ಲಿಸಿದರು. ನನ್ನ ಮುಖ ನೋಡಿ, “ಇನ್ನ ಯಾವುದು ಇಳದದ?” ಎಂದು ಕೇಳಿದರು.

ಗಾಲಿ ದುಂಡಗಿದ್ದರೂ ಒಂದು ಕಡ್ಡಿ ಬಿಗಿ, ಇನ್ನೊಂದು ಸಡಿಲವಿತ್ತು. ಕಣ್ಣಿಗೆ ಕಾಣದ್ದು ಕಿವಿಗೆ ಕೇಳುತ್ತಿತ್ತು. ಉದ್ದ ಕಡ್ಡಿಗಳಿಗೆಲ್ಲ ಒಂದು ಸ್ವರ, ಗಿಡ್ಡ ಕಡ್ಡಿಗಳಿಗೆಲ್ಲ ಒಂದು ಸ್ವರ ಬರಬೇಕೆಂದು ಗೊತ್ತುಮಾಡಿಕೊಂಡೆವು. ನಾನು ಬಡಿಯುವುದು, ಅವರು ತಿರುವುವುದು. ತಂಬೂರಿ ಹಿಡಿಯದೆ ಎರಡು ವರ್ಷವಾಗಿದ್ದ ನನಗೆ ಹಸಿವೆ ನೀರಡಿಕೆ ಮರೆತುಹೋಗಿತ್ತು.

ಹೊತ್ತು ಹೊರಳಿದ ಮೇಲೆ ತಲೆಯೆತ್ತಿದರೆ ಬಾಗಿಲಲ್ಲಿ ಮಾವನವರು. ಹೂಲಿಯಿಂದ ಬಂದವರು ಮನೆಗೆ ಬೀಗ ಕಂಡು ಇಲ್ಲಿಗೇ ಬಂದಿದ್ದರು. ಸೊಸೆಯ ಕೈ ಮೊಣಕೈವರೆಗೂ ಕಪ್ಪು, ಸೆರಗು ಸೊಂಟಕ್ಕೆ. ನನ್ನ ಜೀವವೇ ಬಾಯಿಗೆ ಬಂತು. ಹಿಡಿದ ಕೆಲಸ ಬಿಡಲಾಗದೆ ಇನ್ನೊಂದು ಕಡ್ಡಿ ಬಡಿದೆ.

“ಅದು ಇನ್ನೂ ಸ್ವಲ್ಪ ಏರಬೇಕಲ್ಲ?” ಎಂದರು ಮಾವನವರು.

ಐವತ್ತು ವರ್ಷ ಮಂತ್ರದ ಏರಿಳಿತ ಹಿಡಿದ ಕಿವಿ. ಚಪ್ಪಲಿ ಬಿಟ್ಟು ಒಳಗೆ ಬಂದು, ಹಳೆಯ ಟಾಯರಿನ ಮೇಲೆ ಪಂಚೆ ಮಡಿಚಿ ಕುಳಿತರು. ನಾಲ್ಕನೆಯ ಗಾಲಿ ಮುಗಿಯುವವರೆಗೂ ಏಳಲಿಲ್ಲ. ನನಗೆ ಅಂದು ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಆ ಗಾಲಿಗಳು ಮತ್ತೆ ಸೊಟ್ಟಗಾಗಲಿಲ್ಲ. ದಸರೆಯ ಮುಂದೆ ಕಾರನ್ನು ವಾಡೆಗೆ ಒಯ್ದೆವು. ದೇಸಾಯರು ಕುಕ್ಕರಗಾಲಲ್ಲಿ ಕುಳಿತು, ಮುಖವನ್ನು ಗಾಲಿಯ ಹತ್ತಿರ ಹತ್ತಿರ ಒಯ್ದು ನಾಲ್ಕನ್ನೂ ನೋಡಿದರು. ಇನ್ನೂ ಕಾಣುತ್ತಿತ್ತು. ನಮ್ಮವರು ಬಾಗಿಲು ತೆರೆದು, ಕಿತ್ತೂರಿನವರೆಗೆ ಒಂದು ಸುತ್ತು ಹೋಗೋಣ, ಕೂಡಿರಿ ಎಂದರು. ದೇಸಾಯರು ಒಲ್ಲೆ ಎಂದರು.

“ಇಷ್ಟ ವರ್ಷ ನಾ ಒಳಗ ಕುಂತಾಂವ. ಇದು ಓಡೂದು ಹೆಂಗ ಕಾಣತೈತಿ ಅಂತ ನಾ ಒಮ್ಮೆನೂ ನೋಡಿಲ್ಲ. ತಂಗೀ, ನೀ ಕುಂಡ್ರು” ಎಂದು ನನಗೆ ಹೇಳಿದರು.

ಅವರು ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ ಹೋಗಿ ನಿಂತರು. ನಾವು ಅವರ ಮುಂದೆ ಹಾದು ಹೋದೆವು, ತಿರುಗಿಸಿಕೊಂಡು ಬಂದೆವು, ಮತ್ತೆ ಹೋದೆವು. ಬಿಸಿಲಿಗೆ ಕಡ್ಡಿಗಳು ಮಿನುಗುತ್ತಿದ್ದವು. ಪ್ರತಿ ಸಲವೂ ಅವರು ಕಣ್ಣ ಮೇಲೆ ಕೈ ಮಾಡಿ, ನಾವು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದರು. ಸಾಕು ಎಂದು ಅವರು ಹೇಳಲಿಲ್ಲ, ನಿಲ್ಲಿಸಲು ನಮ್ಮವರಿಗೂ ಮನಸ್ಸಾಗಲಿಲ್ಲ. ಪೆಟ್ರೋಲು ಮುಗಿದು ಕಾರು ತಾನಾಗಿ ನಿಂತಾಗಲೇ ನಿಲ್ಲಿಸಿದ್ದು.

ಮುಂದಿನ ವರ್ಷ ದೇಸಾಯರ ಕಣ್ಣು ಪೂರ್ತಿ ಹೋದವು. ನಮ್ಮವರು ಈಗಲೂ ದಿನಾ ಸ್ಕೂಟರ್ ಹತ್ತಿ ಗ್ಯಾರೇಜಿಗೆ ಹೋಗುತ್ತಾರೆ. ಒಲೆಯ ಮೇಲೆ ಏನೇ ಇರಲಿ, ನಾನು ಬಾಗಿಲಿಗೆ ಬಂದು, ಅವರು ತಿರುವು ದಾಟುವವರೆಗೂ ನೋಡುತ್ತ ನಿಲ್ಲುತ್ತೇನೆ.