ಇಳಿದ ಇಂಪ್ಲಾಂಟ್ ಮತ್ತು ನಾನು ಕೇಳದೆ ಬಿಟ್ಟ ಪ್ರಶ್ನೆ

೨೦೦೨ರಲ್ಲಿ ನಾನು ವಿಜಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಿದ್ದೆ. ಗುರುವಾರಕ್ಕೊಮ್ಮೆ ಸಿಂದಗಿಯ ನರ್ಸಿಂಗ್ ಹೋಮ್ ಒಂದಕ್ಕೆ ಹೋಗಿ ಹೊರರೋಗಿಗಳನ್ನು ನೋಡುತ್ತಿದ್ದೆ. ಅಲ್ಲಿನ ಪರೀಕ್ಷಾ ಕೋಣೆಗೆ ಬಾಗಿಲಿರಲಿಲ್ಲ, ಒಂದು ಹಸಿರು ಪರದೆಯಿತ್ತು. ನಾನು ಸಿಟ್ಟಿನವಳು. ಒಳಗೆ ಬೈದದ್ದು ಹೊರಗಿನ ಬೆಂಚಿನವರಿಗೆಲ್ಲ ಕೇಳುತ್ತಿತ್ತು.

ಆ ಜುಲೈನಲ್ಲಿ ಕಸ್ತೂರಿ ಟೀಚರ್ ಬಂದರು. ಹೆಸರು ಬದಲಿಸಿದ್ದೇನೆ. ನಲವತ್ತೊಂದು ವರ್ಷ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಎರಡು ವರ್ಷದ ಹಿಂದೆ ಕ್ಯಾನ್ಸರಿನಿಂದಾಗಿ ಅವರ ಎಡಸ್ತನ ತೆಗೆಯಲಾಗಿತ್ತು. ರೋಗ ಮರಳಿಲ್ಲವೆಂದು ಖಾತ್ರಿಯಾದ ಮೇಲೆ ಅದೇ ಜನವರಿಯಲ್ಲಿ ನಾನು ಎದೆಯ ಸ್ನಾಯುವಿನ ಕೆಳಗೆ ಸಿಲಿಕಾನ್ ಇಂಪ್ಲಾಂಟ್ ಇಟ್ಟಿದ್ದೆ. ಆರೇ ತಿಂಗಳಲ್ಲಿ ಅದು ಮೂರು ಸೆಂಟಿಮೀಟರಿನಷ್ಟು ಕೆಳಗೆ ಜಾರಿತ್ತು. ಇದಕ್ಕೆ ನಾವು ಬಾಟಮಿಂಗ್ ಔಟ್ ಎನ್ನುತ್ತೇವೆ. ಇಂಪ್ಲಾಂಟಿನ ಸುತ್ತ ದೇಹವೇ ಕಟ್ಟಿಕೊಳ್ಳುವ ತೆಳು ಚೀಲದ ತಳ ಸಡಿಲಾಗಿ, ಅದು ಪಕ್ಕೆಲುಬಿನ ಮೇಲಿಂದ ಇಳಿಯುತ್ತದೆ.

"ಬೋರ್ಡ್ ಮ್ಯಾಲೆ ಬರಿಯಾಕ ಕೈ ಎತ್ತಿದ್ರ ಹುಡುಗ್ಯಾರು ನೋಡ್ತಾರ್ರಿ. ಈಗ ಕುಂತ ಪಾಠ ಮಾಡಾಕತ್ತೇನಿ" ಎಂದರು ಕಸ್ತೂರಿ.

ಜೊತೆಗೆ ಗಂಡ ಮತ್ತು ಅತ್ತೆ ಬಂದಿದ್ದರು. ಗಂಡ ನಿಂತೇ ಇದ್ದರು. "ತಗದ ಒಗೀರಿ ಅದನ್ನ. ಇಲ್ಲಂದ್ರ ನಿಮ್ಮ ಮ್ಯಾಲೆ ಕೇಸ್ ಹಾಕ್ತೇನಿ." ಅತ್ತೆ ಇನ್ನೂ ಚುರುಕು. "ದೇವರು ಕೊಟ್ಟದ್ದ ಹೋತು. ಮನಶ್ಯಾ ಇಟ್ಟದ್ದು ನಿಲ್ತೈತೇನು?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಅದನ್ನೇ ಮಾಡಿದೆ. "ಆಪರೇಶನ್ ಸರಿಯಾಗೇ ಆಗಿತ್ತು. ನೀವು ಸಪೋರ್ಟ್ ಬ್ರಾ ಹಾಕ್ಕೊಂಡಿಲ್ಲ, ಭಾರ ಎತ್ತೀರಿ. ಕಲಿತವರಾಗಿ ಇಷ್ಟೂ ತಿಳಿಯಂಗಿಲ್ಲೇನು?" ಎಂದು ದನಿಯೇರಿಸಿದೆ. ಹೊರಗಿನ ಬೆಂಚಿನಲ್ಲಿ ಮಾತು ನಿಂತಿತು.

ಕಸ್ತೂರಿ ಚೀಲದಿಂದ ಎರಡು ಬ್ರಾ ತೆಗೆದು ಮೇಜಿನ ಮೇಲಿಟ್ಟರು. ಹಾಕಿ ಹಾಕಿ, ಒಗೆದು ಒಗೆದು ಅವುಗಳ ಎಲಾಸ್ಟಿಕ್ ಸತ್ತುಹೋಗಿತ್ತು. "ಒಂದು ದಿನಾನೂ ಬಿಟ್ಟಿಲ್ರಿ. ಒಂದ ಕೊಡ ನೀರೂ ಎತ್ತಿಲ್ಲ. ನಮ್ಮ ಅತ್ತಿನ ಕೇಳ್ರಿ."

ಅತ್ತೆ ಮನಸ್ಸಿಲ್ಲದೆಯೇ ಹೌದೆಂದರು. ನನಗೆ ಮುಖಭಂಗವಾಯಿತು, ಆದರೂ ಸೋಲಲು ಮನಸ್ಸಾಗಲಿಲ್ಲ. ಎರಡೂ ಅಂಗೈಯಿಂದ ಮೇಜನ್ನು ಒತ್ತಲು ಹೇಳಿದೆ. ಒತ್ತಿದ ಕೂಡಲೇ ಎದೆಯ ಸ್ನಾಯು ಬಿಗಿದು, ಇಂಪ್ಲಾಂಟನ್ನು ಕೆಳಕ್ಕೆ, ಹೊರಪಕ್ಕೆಯ ಕಡೆಗೆ ತಳ್ಳಿತು. ಇಷ್ಟು ಬಲದ ಸ್ನಾಯು ಸುಮ್ಮನೆ ಕೂತವರದಲ್ಲ.

"ಮನ್ಯಾಗ ಏನೇನ ಕೆಲಸ ಮಾಡ್ತೀರಿ? ಸುಳ್ಳ ಹೇಳಬ್ಯಾಡ್ರಿ."

"ಏನೂ ಇಲ್ರಿ. ಬರೇ ರೊಟ್ಟಿ ಬಡಿತೇನಿ."

"ಎಷ್ಟು?"

"ಮುಂಜಾನೆ ಸಾಲಿಗೆ ಹೋಗೂ ಮುಂದ ಮೂವತ್ತು, ಸಂಜಿಗೆ ಇಪ್ಪತ್ತು. ಹನ್ನೊಂದು ಮಂದಿ ಅದೇವ್ರಿ."

"ರೊಟ್ಟಿ ಬಡಿಯೂದೂ ಒಂದು ಕೆಲಸೇನ್ರಿ?" ಎಂದರು ಅತ್ತೆ, ನಿಜವಾಗಿಯೂ ಅಚ್ಚರಿಪಟ್ಟು.

ಬಿಸಿನೀರಿನಲ್ಲಿ ಕಲಸಿದ ಜೋಳದ ಹಿಟ್ಟನ್ನು ಮೈಭಾರ ಹಾಕಿ ನಾದಬೇಕು, ಆಮೇಲೆ ಅಂಗೈಯಿಂದ ಬಡಿಬಡಿದು ಅಗಲಿಸಬೇಕು. ಪ್ರತಿ ಏಟೂ ಎದೆಯ ಸ್ನಾಯುವಿನದೇ. ನಾನು ಬಸವನ ಬಾಗೇವಾಡಿಯ ಮಗಳು, ಆ ಸದ್ದು ಕೇಳಿಯೇ ಬೆಳೆದವಳು. ಆದರೆ ನನ್ನ ಪುಸ್ತಕದಲ್ಲಿದ್ದದ್ದು ಜಿಮ್ಮಿಗೆ ಹೋಗುವವರ ಉದಾಹರಣೆ. ಡಿಸ್ಚಾರ್ಜ್ ಚೀಟಿಯಲ್ಲಿ 'ಭಾರ ಎತ್ತಬಾರದು' ಎಂದು ಬರೆದು ಕೈತೊಳೆದುಕೊಂಡಿದ್ದೆ. ಆಪರೇಶನ್ ಆಗಿ ಹತ್ತನೇ ದಿನದಿಂದಲೇ ಕಸ್ತೂರಿ ಒಲೆಯ ಮುಂದೆ ಕೂತಿದ್ದರು. ಚೀಟಿಯಲ್ಲಿ ಬರೆದದ್ದನ್ನು ಮಾತ್ರ ಅವರು ಚಾಚೂ ತಪ್ಪದೆ ಪಾಲಿಸಿದ್ದರು. ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು. ಆದರೂ ಬಾಯಿಬಿಟ್ಟು ತಪ್ಪೊಪ್ಪಿಕೊಳ್ಳದೆ ಚಿಕಿತ್ಸೆಯ ಮಾತಿಗೆ ತಿರುಗಿದೆ.

ಬಿಗಿ ಬ್ರಾದಿಂದಲೇ ಸರಿಯಾಗುವ ಹಂತ ಮೀರಿತ್ತು. ಚೀಲವನ್ನು ತೆರೆದು, ಅದರ ತಳವನ್ನು ಮಡಿಸಿ, ಕರಗದ ದಾರದಿಂದ ಪಕ್ಕೆಲುಬಿನ ಹೊದಿಕೆಗೆ ಹೊಲಿದು ಎತ್ತರಿಸಬಹುದಿತ್ತು. ಇದಕ್ಕೆ ಕ್ಯಾಪ್ಸುಲೊರಾಫಿ ಎನ್ನುತ್ತಾರೆ. ಹೊಲಿಗೆ ನಿಲ್ಲದಿದ್ದರೆ ಹಗುರವಾದ ಇಂಪ್ಲಾಂಟ್ ಹಾಕಿ ಹೊಸ ಜಾಗ ಮಾಡಬೇಕು. ಅದೂ ಬೇಡವೆಂದರೆ ತೆಗೆದುಬಿಡುವುದು.

"ತಗೀರಿ" ಎಂದರು ಗಂಡ. "ಇನ್ನೊಮ್ಮೆ ಕೊಯ್ಯಾಕ ನಾ ಸಹಿ ಮಾಡಾಂಗಿಲ್ಲ."

"ಮೈ ನಂದೈತಿ, ಸಹಿ ನಾನ ಮಾಡ್ತೇನಿ" ಎಂದರು ಕಸ್ತೂರಿ. ನನ್ನ ಕಡೆ ತಿರುಗಿದಾಗಲೂ ದನಿ ಮೆತ್ತಗಾಗಲಿಲ್ಲ. "ಎತ್ತಿ ಹೊಲೀರಿ. ಈ ಸಲ ಏನ ಮಾಡಬಾರದು ಅಂತ ಪೂರಾ ಹೇಳ್ರಿ."

ಆಗಸ್ಟ್‌ನಲ್ಲಿ ವಿಜಾಪುರದಲ್ಲಿ ಆಪರೇಶನ್ ಮಾಡಿದೆ. ಗಂಡ ಬರಲಿಲ್ಲ. ತಾಯಿ ಮುದ್ದೇಬಿಹಾಳದಿಂದ ಬಂದು ಮಗಳನ್ನು ತವರಿಗೆ ಕರೆದೊಯ್ದರು. ಚೀಟಿಯಲ್ಲಿ ಈ ಸಲ 'ಮೂರು ತಿಂಗಳು ಹಿಟ್ಟು ನಾದಬಾರದು, ರೊಟ್ಟಿ ಬಡಿಯಬಾರದು' ಎಂದು ದೊಡ್ಡ ಅಕ್ಷರದಲ್ಲಿ ಬರೆದೆ.

ನವೆಂಬರಿನಲ್ಲಿ ಕಸ್ತೂರಿ, ಗಂಡ, ಅತ್ತೆ ಮೂವರೂ ಸಿಂದಗಿಗೆ ಬಂದರು. ಕಸ್ತೂರಿ ಗಂಡನ ಮನೆಗೆ ಮರಳಿದ್ದರು, ಅಲ್ಲಿಗೆ ರೊಟ್ಟಿ ಈಗ ಓಣಿಯ ಇನ್ನೊಬ್ಬ ಹೆಂಗಸಿನಿಂದ ಬರುತ್ತಿತ್ತು. ಅಳತೆ ತೆಗೆದೆ. ಹೊಲಿಗೆ ನಿಂತಿತ್ತು, ಎರಡೂ ಬದಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಗಂಡ ಮತ್ತು ಅತ್ತೆ ಹೊರಗೆ ಕೂತಿದ್ದರು. ನಾನು ದನಿ ತಗ್ಗಿಸಿ, "ತಪ್ಪು ನಂದಿತ್ತು, ಅಕ್ಕೋರ" ಎಂದೆ.

ಕಸ್ತೂರಿ ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತಿದ್ದರು. "ಗೊತ್ತೈತ್ರಿ ಡಾಕ್ಟರ್ ಬಾಯಾರ. ಬೈಯೂ ಮುಂದ ಊರಿಗೆಲ್ಲ ಕೇಳೂ ಹಂಗ ಬೈದ್ರಿ. ತಪ್ಪು ಅನ್ನೂ ಮುಂದ ನನ್ನ ಕಿವ್ಯಾಗ ಹೇಳಾಕತ್ತೀರಿ."

ಅವರು ಸೆರಗು ಹೊದ್ದುಕೊಂಡ ಮೇಲೆ ಪರದೆ ಸರಿಸಿ ಹೊರಗೆ ಬಂದೆ. ಬೆಂಚಿನಲ್ಲಿ ಹತ್ತು ಹನ್ನೆರಡು ಜನರಿದ್ದರು. ಗಂಡ ಮತ್ತು ಅತ್ತೆಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ. "ಅಕ್ಕೋರು ನಾ ಹೇಳಿದ್ದೆಲ್ಲಾ ಪಾಲಿಸಿದ್ರು. ಹೇಳಬೇಕಾದ್ದು ನಾ ಹೇಳಿರಲಿಲ್ಲ. ತಪ್ಪು ನಂದು." ಅತ್ತೆ ಮುಖ ತಿರುಗಿಸಿದರು, ಗಂಡ ಚಪ್ಪಲಿ ನೋಡುತ್ತ ಕೂತರು. ಕಸ್ತೂರಿ ನನ್ನನ್ನು ಕ್ಷಮಿಸಿದಂತೆ ಕಾಣಲಿಲ್ಲ. ಮಧ್ಯಾಹ್ನದ ಪಾಠಕ್ಕೆ ಹೊತ್ತಾಯಿತೆಂದು ಗಂಡನನ್ನು ಎಬ್ಬಿಸಿಕೊಂಡು ಹೊರಟರು.

ಆಮೇಲಿನ ವರ್ಷಗಳಲ್ಲಿ, ರೋಗಿಯ ಕೈಗಳು ದಿನವಿಡೀ ಏನು ಮಾಡುತ್ತವೆಂದು ಕೇಳದೆ ನಾನು ಚೀಟಿ ಬರೆದಿಲ್ಲ. ಆದರೆ ಆ ಪ್ರಕರಣ ನನಗೆ ಕಲಿಸಿದ ದೊಡ್ಡ ಪಾಠ ಅದಲ್ಲ. ಎಷ್ಟು ಜನರ ಮುಂದೆ ಬೈದಿರುತ್ತೇವೋ, ಅಷ್ಟೂ ಜನರ ಮುಂದೆ ತಪ್ಪೊಪ್ಪಿಕೊಳ್ಳಬೇಕು. ಅದನ್ನು ಒಬ್ಬ ರೋಗಿ ಹೇಳಿಕೊಡಬೇಕಾಯಿತು ಎನ್ನುವುದು ನನಗೆ ಇವತ್ತಿಗೂ ನಾಚಿಕೆಯ ವಿಷಯ.