ಅರಿಶಿನ ಹಚ್ಚಿದ ಪುಸ್ತಕ

ನಮ್ಮ ಕನ್ನಡ ಮೇಷ್ಟ್ರು ನನ್ನ ಮದುವೆಗೆ ಬಂದಾಗ ಉಡುಗೊರೆಯ ಜೊತೆಗೆ ನನ್ನದೇ ಲಗ್ನಪತ್ರಿಕೆಯನ್ನೂ ವಾಪಸು ತಂದಿದ್ದರು. ಅದರ ಮೇಲೆ ಕೆಂಪು ಶಾಯಿಯ ನಾಲ್ಕು ಸುತ್ತುಗಳಿದ್ದವು. ಅರಿಶಿನ ಹಚ್ಚಿದ ಪತ್ರಿಕೆಯನ್ನು ತಿದ್ದುವವರು ಲೋಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ಅಮ್ಮ ಛತ್ರದಲ್ಲೇ ಅವರನ್ನು ತರಾಟೆಗೆ ತೆಗೆದುಕೊಂಡಳು. ಮೇಷ್ಟ್ರು ತಲೆ ತಗ್ಗಿಸಿ ಊಟ ಮುಗಿಸಿ ಹೊರಟುಹೋದರು. ಧಾರೆಯ ಸೀರೆಯಲ್ಲಿ ಕೂತಿದ್ದ ನಾನು ನಗು ತಡೆಯಲಾರದೆ ಕೆಮ್ಮಿದಂತೆ ನಟಿಸಿದೆ. ಬಸ್ಸಿನ ಬೋರ್ಡನ್ನೂ ಹೋಟೆಲಿನ ತಿಂಡಿಪಟ್ಟಿಯನ್ನೂ ಬಿಡದವರು ನನ್ನ ಮದುವೆಯನ್ನು ಬಿಟ್ಟಾರೆಯೇ?

ದೊಡ್ಡಬಳ್ಳಾಪುರದಲ್ಲಿ ಅಂಚೆ ಕಚೇರಿಯ ಕೌಂಟರಿನ ಹಿಂದೆ ಇಡೀ ನೌಕರಿ ಕಳೆದ ಮೇಲೆ ನನಗೆ ಪುಸ್ತಕ ಬರೆಯುವ ಹುಚ್ಚು ಹತ್ತಿತು. ಮೊದಲನೆಯದು ಶಾಲೆಯ ದಿನಗಳ ನೆನಪು. ಯಾವ ಪ್ರಕಾಶಕರೂ ಮೂಸಿ ನೋಡದ್ದರಿಂದ ನಾನೇ ಅಚ್ಚು ಹಾಕಿಸಿ, ದಾಬಸ್‌ಪೇಟೆಯಲ್ಲಿ ನೆಲೆಸಿರುವ ಮೇಷ್ಟ್ರಿಗೆ ಮೊದಲ ಪ್ರತಿ ಕೊಟ್ಟೆ. ತಿಂಗಳಾದ ಮೇಲೆ ಅದು ಕೆಂಪಾಗಿ ಹಿಂದಕ್ಕೆ ಬಂತು. ಅವರ ಬಗ್ಗೆಯೇ ಆರು ಪುಟ ಬರೆದಿದ್ದೆ. ನಾನು ಓದಿನಲ್ಲಿ ಹಿಂದೆ ಬಿದ್ದಾಗ ಅವರು ನಮ್ಮ ಮನೆಗೆ ಬಂದು, ಜಗಲಿಯ ಮೇಲೆ ಕೂತು ಪಾಠ ಹೇಳಿದ್ದು, ಅವರಿಂದಲೇ ನಾನು ನಾಲ್ಕು ಅಕ್ಷರ ಕಲಿತದ್ದು, ಎಲ್ಲವನ್ನೂ. ಆ ಆರು ಪುಟಗಳಲ್ಲೂ ಸುತ್ತುಗಳೇ. ಬರೆದದ್ದರ ಬಗ್ಗೆ ಒಂದು ಮಾತಿಲ್ಲ. ಅಂದು ನಾನು ನಿಜವಾಗಿಯೂ ಅತ್ತೆ.

ಎರಡನೆಯ ಪುಸ್ತಕ ಕೌಂಟರಿಗೆ ಬರುತ್ತಿದ್ದ ಜನರ ಕುರಿತದ್ದು. ಅದರಲ್ಲಿ ಒಂದೇ ಒಂದು ತಪ್ಪೂ ಉಳಿಯಬಾರದೆಂದು ಹಟ ಹಿಡಿದೆ. ತಿದ್ದುವುದಕ್ಕೆ ಏನೂ ಸಿಗದಿದ್ದರೆ ಮೇಷ್ಟ್ರು ಬೇರೆ ದಾರಿಯಿಲ್ಲದೆ ಪುಸ್ತಕವನ್ನು ಓದಿಯಾರು ಎಂಬುದು ನನ್ನ ಆಸೆ. ಅವರಿಗೆ ಎಂಬತ್ತು ದಾಟಿದೆ. ಮೂರನೆಯ ಪುಸ್ತಕದವರೆಗೆ ಕಾಯುವ ಧೈರ್ಯ ನನಗಿರಲಿಲ್ಲ.

ಕರಡು ತಿದ್ದುವುದೆಂದರೆ ಏನೆಂದು ಆಗ ಗೊತ್ತಾಯಿತು. ನಾನು ಮೊಬೈಲಿನಲ್ಲಿ ಬೆರಳಚ್ಚು ಮಾಡಿದ್ದನ್ನು ಪ್ರೆಸ್ಸಿನವರು ತಮ್ಮ ಫಾಂಟಿಗೆ ಬದಲಾಯಿಸಿದರೆ ಅರ್ಧದಷ್ಟು ಒತ್ತಕ್ಷರಗಳು ಮಾಯ. ಅವನ್ನು ಸರಿಮಾಡಿ ಕಳಿಸಿದರೆ ಸಾಲುಗಳು ಜರುಗಿ, ಒಂದು ಪ್ಯಾರಾ ಎರಡು ಸಲ ಬಂದು, ಇನ್ನೊಂದು ಕಾಣೆಯಾಗಿ, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಕೊನೆಯ ಪುಟದಿಂದ ಮೊದಲ ಪುಟಕ್ಕೆ ಓದಿದೆ. ಸ್ಕೇಲು ಇಟ್ಟುಕೊಂಡು ಓದಿದೆ. ಗಂಡನನ್ನು ಕೂರಿಸಿಕೊಂಡು, ಪೂರ್ಣವಿರಾಮ ಅಲ್ಪವಿರಾಮಗಳನ್ನೂ ಬಿಡದೆ ಗಟ್ಟಿಯಾಗಿ ಓದಿದೆ. ಅವರು ಎರಡನೆಯ ಅಧ್ಯಾಯಕ್ಕೇ ಗೊರಕೆ ಹೊಡೆದರು. ಎಬ್ಬಿಸಿ ಕೇಳಿದರೆ ಎಲ್ಲಾ ಸರಿಯಾಗಿದೆ ಎಂದರು. ಒಂದು ವಾರದಲ್ಲಿ ಮೂರು ಸಲ ಹುಳಿ ಸೀದುಹೋಯಿತು. ಸೀದದ್ದನ್ನೇ ಬಡಿಸಿದೆ, ಅವರು ಅದಕ್ಕೂ ಸರಿಯಾಗಿದೆ ಎಂದರು. ನಾನೋ, ಕನಸಿನಲ್ಲೂ ದೀರ್ಘ ಎಳೆಯುತ್ತಿದ್ದೆ. ಓದಿ ಓದಿ ಕೊನೆಗೆ ನನ್ನ ಪುಸ್ತಕದಲ್ಲಿ ಏನಿದೆ ಎಂಬುದೇ ನನಗೆ ಮರೆತುಹೋಗಿತ್ತು.

ಪ್ರೆಸ್ಸಿನ ಮಾಲೀಕರು ಮನೆಯಲ್ಲಿ ದಖನಿ ಉರ್ದು ಮಾತನಾಡುವವರು, ಅಂಗಡಿಯಲ್ಲಿ ನನಗಿಂತ ಚೊಕ್ಕ ಕನ್ನಡ. ಅವರದು ಮುಖ್ಯವಾಗಿ ಲಗ್ನಪತ್ರಿಕೆಗಳ ವ್ಯಾಪಾರ, ಪುಸ್ತಕ ವರ್ಷಕ್ಕೊಂದೋ ಎರಡೋ. ಹದಿನಾಲ್ಕನೆಯ ಸಲ ನಾನು ಕರಡು ಹಿಡಿದು ಮೆಟ್ಟಿಲು ಹತ್ತಿದಾಗ ಅವರು ಕೈಮುಗಿದರು. ಅವರ ಗಿರಾಕಿಗಳು ಮದುಮಗನ ಹೆಸರು ಸರಿಯಿದ್ದರೆ ಸಾಕು ಎನ್ನುವವರಂತೆ, ನನ್ನಂಥವಳನ್ನು ಅವರು ಕಂಡೇ ಇಲ್ಲವಂತೆ. ಅಲ್ಲಿಗೆ ನಾನೂ ಸೋತು, ಅಚ್ಚು ಮಾಡಿ ಎಂದು ಒಪ್ಪಿಗೆ ಕೊಟ್ಟುಬಿಟ್ಟೆ. ರಕ್ಷಾಪುಟ ಬೆಳ್ಳಗಿರಲಿ, ಮೇಲೆ ಪ್ಲಾಸ್ಟಿಕ್ಕಿನ ಹೊಳಪು ಬೇಡ, ಕಾಗದ ಕಾಗದದಂತೆಯೇ ಇರಲಿ ಎಂದು ಹೇಳಿದ್ದೆ. ಆ ನಾಜೂಕಿಗೆ ಆಮೇಲೆ ಅನುಭವಿಸಿದೆ.

ಹೇಳಿದ ದಿನ ಹೋದರೆ ಮಾಲೀಕರು ನೆಂಟರ ಮನೆಗೆ ಹೋಗಿ ಆಗಷ್ಟೇ ಬಂದಿದ್ದರು. ಕಟ್ಟುಗಳು ಗೋಡೆಗೆ ಒರಗಿ ಕೂತಿದ್ದವು. ನಾನು ದಾರ ಬಿಚ್ಚಿ ಒಂದು ಪ್ರತಿ ಎತ್ತಿಕೊಂಡೆ. ಬೆಳ್ಳನೆಯ ರಕ್ಷಾಪುಟದ ನಾಲ್ಕು ಮೂಲೆಗಳಲ್ಲೂ ಅರಿಶಿನ. ಇನ್ನೊಂದು ಎತ್ತಿದೆ, ಅರಿಶಿನ. ಇನ್ನೊಂದು ಕಟ್ಟು ಬಿಚ್ಚಿದೆ, ಅದರಲ್ಲೂ ಅರಿಶಿನ. ಹಾಳೆ ಮಡಿಸಿ ಹೊಲಿಯುವ ಹಿರಿಯ ಹೆಂಗಸು, ಬೆರಳುಗಳು ಇನ್ನೂ ಹಳದಿಯಾಗಿರುವಾಗಲೇ, ಹೆಮ್ಮೆಯಿಂದ ನನ್ನನ್ನೇ ನೋಡುತ್ತಿದ್ದರು. ಗಿರಾಕಿಗಳಿಗೆ ಒಂದು ಕೆಲಸ ತಪ್ಪಲೆಂದು ಆ ಪ್ರೆಸ್ಸಿನಲ್ಲಿ ಪತ್ರಿಕೆಗಳಿಗೆ ಅರಿಶಿನ ಹಚ್ಚಿಯೇ ಕೊಡುವುದು ವಾಡಿಕೆ.

"ಇಲ್ಲಿಂದ ಒಂದು ಕಾಗದಾನೂ ಬರೀ ಮೂಲೇಲಿ ಆಚೆ ಕಳ್ಸಿಲ್ಲ ಕಣವ್ವ" ಎಂದರು ಆಕೆ. "ಪುಸ್ತಕ ಅಂದ್ರೇನು, ಅದೂ ಶುಭಕಾರ್ಯಾನೇ ಅಲ್ವಾ?"

ಮಾಲೀಕರು ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ ಮೆಲ್ಲಗೆ, ಯಾವ ಅಕ್ಷರದ ಮೇಲೂ ಬಿದ್ದಿಲ್ಲವಲ್ಲ ಎಂದು ತೋರಿಸಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಬೈಯಬೇಕೆಂದು ಬಾಯಿ ತೆರೆದೆ, ಬಂದದ್ದು ನಗು. ಹದಿನಾಲ್ಕು ಸಲ ತಿದ್ದಿದ ಪುಸ್ತಕಕ್ಕೆ ಹದಿನಾಲ್ಕರಲ್ಲಿ ಒಂದು ಸಲವೂ ಊಹಿಸಿರದ ತಪ್ಪು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾಲೀಕರೂ ನಕ್ಕರು. ಆ ಹೆಂಗಸು ಮಾತ್ರ, ಇದರಲ್ಲಿ ನಗುವುದೇನಿದೆ ಎಂಬಂತೆ ಬೆರಳು ಒರೆಸಿಕೊಂಡರು. ಅಳತೆ ನೋಡಲೆಂದು ಮೊದಲೇ ತೆಗೆದಿಟ್ಟಿದ್ದ ಒಂದು ಪ್ರತಿ ಮಾತ್ರ ಅರಿಶಿನವಿಲ್ಲದೆ ಮೇಜಿನ ಮೇಲೆ ಉಳಿದಿತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು, ಕಟ್ಟುಗಳನ್ನು ಆಟೋಗೆ ಏರಿಸಿದೆ.

ಮಾರನೆಯ ದಿನ ಅರಿಶಿನದ ಒಂದೆರಡು ಪ್ರತಿಗಳನ್ನೂ ಚೀಲಕ್ಕೆ ಹಾಕಿಕೊಂಡು ದಾಬಸ್‌ಪೇಟೆಯ ಬಸ್ಸು ಹತ್ತಿದೆ. ಮೇಷ್ಟ್ರಿಗೆ ಆ ಬಿಳಿ ಪ್ರತಿಯನ್ನೇ ಕೊಡಬೇಕೆಂದು ಚೀಲದಲ್ಲಿ ಬೇರೆಯಾಗಿ ಇಟ್ಟಿದ್ದೆ. ಬಸ್ಸಿನಲ್ಲಿ ಸುಮ್ಮನಿರಲಾರದೆ ಅದನ್ನು ತೆರೆದೆ. ತೆರೆದ ಪುಟದಲ್ಲೇ ತಪ್ಪು. ಇನ್ನೊಂದು ಕಡೆ ತೆರೆದೆ, ಅಲ್ಲೂ ಒಂದು ಹಲ್ಲು ಕಿರಿಯುತ್ತಿತ್ತು. ಶಿವಗಂಗೆಯ ಬೆಟ್ಟ ಕಾಣುವ ಹೊತ್ತಿಗೆ ಒಂಬತ್ತು ಸಿಕ್ಕಿದ್ದವು. ಇಳಿದು ವಾಪಸು ಬಸ್ಸು ಹಿಡಿಯೋಣವೆನ್ನಿಸಿತು. ಆದರೆ ಬರುತ್ತೇನೆಂದು ಮೇಷ್ಟ್ರಿಗೆ ಫೋನು ಮಾಡಿದ್ದೆ. ಹೋಗಿ ನೋಡಿದರೆ ಅವರು ಗೇಟಿನ ಹತ್ತಿರವೇ ನಿಂತಿದ್ದರು. ಜೇಬಿನಲ್ಲಿ ಕೆಂಪು ಪೆನ್ನು.

ಒಳಗೆ ಕೂತು ಚೀಲಕ್ಕೆ ಕೈಹಾಕಿದಾಗ ಗಾಬರಿಯಲ್ಲಿ ಸಿಕ್ಕಿದ್ದು ಅರಿಶಿನದ ಪ್ರತಿ. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಲೆಗಳನ್ನು ಒಂದೊಂದಾಗಿ ನೋಡಿದರು. ನಾನು ನಡೆದದ್ದನ್ನು ಹೇಳಿದೆ. ಅವರು ನಗಲಿಲ್ಲ. ಪೆನ್ನು ತೆಗೆದರು, ಮೊದಲ ಪುಟ ತೆರೆದರು, ಪೆನ್ನಿನ ತುದಿ ಒಂದು ಕಡೆ ನಿಂತಿತು. ಮತ್ತೆ ರಕ್ಷಾಪುಟ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು.

"ನಿನ್ನ ಮದುವೆ ಪತ್ರಿಕೆ ತಿದ್ದಿದ್ದಕ್ಕೆ ನಿಮ್ಮಮ್ಮ ಸಾಯೋವರೆಗೂ ನನ್ನನ್ನ ಮಾತಾಡಿಸ್ಲಿಲ್ಲ ಕಣಮ್ಮ. ಅರಿಶಿನ ಹಚ್ಚಿದ್ದಕ್ಕೆ ಇನ್ನು ಪೆನ್ನು ಮುಟ್ಟಿಸಲ್ಲ."

ಆಮೇಲೆ ಬೇರೆ ದಾರಿಯಿಲ್ಲದೆ ಅವರು ಓದತೊಡಗಿದರು. ತಪ್ಪಿನ ಹತ್ತಿರ ಬಂದಾಗ ಹುಬ್ಬು ಗಂಟಿಕ್ಕುತ್ತಿತ್ತು, ಬೆರಳು ಜೇಬಿನತ್ತ ಹೋಗಿ ಹಿಂದಕ್ಕೆ ಬರುತ್ತಿತ್ತು. ಇನ್ನೊಂದು ಪುಟ, ಮತ್ತೊಂದು. ತನಗೆ ತಾನೇ ಕಾಗದ ಬರೆದು ಅಂಚೆಗೆ ಹಾಕಿ, ಬಂತೇ ಎಂದು ಕೌಂಟರಿನಲ್ಲಿ ವಿಚಾರಿಸುತ್ತಿದ್ದ ಮುದುಕನ ಪ್ರಸಂಗಕ್ಕೆ ಬಂದಾಗ ಗಟ್ಟಿಯಾಗಿ ನಕ್ಕರು. ಮುಂದಿನ ಪುಟದಲ್ಲಿ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಕಣ್ಣು ಒರೆಸಿಕೊಂಡರು. ಸೊಸೆ ಕಾಫಿ ತಂದಿಟ್ಟದ್ದು ಅವರಿಗೆ ತಿಳಿಯಲಿಲ್ಲ. ನಾನು ಎದುರಿಗೆ ಕೂತು ಅದು ಆರುವುದನ್ನು ನೋಡುತ್ತಿದ್ದೆ. ಎದ್ದು ಕುಣಿಯಬೇಕೆನ್ನಿಸುತ್ತಿತ್ತು.

ಮಧ್ಯಾಹ್ನದ ಊಟವಾದ ಮೇಲೂ ಓದಿ, ಪೂರ್ತಿ ಮುಗಿಸಿ, ಪುಸ್ತಕವನ್ನು ದೇವರ ಗೂಡಿನ ಪಕ್ಕದಲ್ಲಿ ಇಟ್ಟು ಬಂದರು.

"ಚೆನ್ನಾಗಿ ಬರ್ದಿದ್ದೀಯ" ಎಂದರು. ಶಾಲೆಯಲ್ಲಿ ಅಷ್ಟು ವರ್ಷ ಕಲಿತರೂ ಅವರ ಬಾಯಿಂದ ನಾನು ಕೇಳಿರದಿದ್ದ ಮಾತು. ನಾನು ಕಾಲಿಗೆ ನಮಸ್ಕರಿಸಿ, ಚೀಲ ಹೆಗಲಿಗೇರಿಸಿ, ತೇಲಿಕೊಂಡೇ ಗೇಟಿನವರೆಗೆ ಬಂದೆ. ಹಿಂದೆಯೇ ಬಂದ ಅವರು ಜೇಬಿನ ಪೆನ್ನು ಮುಟ್ಟಿಕೊಳ್ಳುತ್ತಾ, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಅರಿಶಿನ ಹಚ್ಚದೇ ಇರೋದು ಒಂದಿದ್ರೆ ಕೊಟ್ಟುಹೋಗಮ್ಮ."

ಚೀಲವನ್ನು ಎದೆಗೆ ಒತ್ತಿಕೊಂಡು, ನನ್ನ ಜೀವನದಲ್ಲಿ ಮೊದಲ ಸಲ ಮೇಷ್ಟ್ರಿಗೆ ಸುಳ್ಳು ಹೇಳಿದೆ. ಒಂದೂ ಉಳಿದಿಲ್ಲ ಸಾರ್ ಎಂದೆ.