ಮಾವಿನ ವಾಸನೆಯ ಆ ಗ್ಲಾಸು

ಹೋದ ವರ್ಷ ಬೇಸಿಗೆಯಲ್ಲಿ ನನ್ನ ಮಗಳು ದೀಪಾಳ ಚೊಚ್ಚಲ ಬಸುರಿಗೆ ಕುಬಸ ಮಾಡಿದೆವು. ಬೀಗರು, ನೆಂಟರು ಎಲ್ಲ ಅವತ್ತೇ ಸಂಜೆಯ ಬಸ್ಸಿಗೆ ಹೊರಟುಹೋದರು. ನರಗುಂದದಿಂದ ಬಂದಿದ್ದ ನನ್ನ ಅಕ್ಕ ಸುಶೀಲಾ ಮತ್ತು ಅವಳ ಮಗ ವಿನಾಯಕ ಮಾತ್ರ ಉಳಿದುಕೊಂಡರು. ನಾನು ಹೇಳುತ್ತಿರುವುದು ಅದರ ಮರುದಿನ ನಡೆದದ್ದು.

ನಮ್ಮದು ಗಜೇಂದ್ರಗಡ. ನಮ್ಮ ಮನೆಯವರು, ಈರಣ್ಣ, ಕೈಮಗ್ಗದಲ್ಲಿ ಪಟ್ಟೇದಂಚಿನ ಸೀರೆ ನೇಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅವರು ನೇಯ್ದ ಸೀರೆಗೆ ಅಂಗಡಿಯವರು ಕಾಯುತ್ತಿದ್ದರು. ಆಮೇಲೆ ಕುಡಿತ ಹತ್ತಿತು. ಕೈ ನಡುಗಿ ಎಳೆ ಹರಿಯುತ್ತಿತ್ತು, ಅಂಚು ಸೊಟ್ಟ ಆಗುತ್ತಿತ್ತು. ದೀಪಾ ಸಾಲಿಗೆ ಹೋಗುವ ಹೊತ್ತಿಗೆ ಅವರು ಮಗ್ಗಕ್ಕೆ ಕೂಡುವುದೇ ಅಪರೂಪವಾಯಿತು. ಅವರು ಓಣಿಯ ತಿರುವಿನಲ್ಲಿ ಬರುತ್ತಿರುವಾಗಲೇ ನನಗೆ ಆ ವಾಸನೆ ಗೊತ್ತಾಗುತ್ತಿತ್ತು. ಹುಳಿ ಹುಳಿಯಾದ, ಮೂಗು ಸುಡುವ ವಾಸನೆ. ಮಗಳನ್ನು ಒಳಗೆ ಕಳಿಸಿ ಬಾಗಿಲು ಮುಂದೆ ಮಾಡುತ್ತಿದ್ದೆ.

ಮಗಳ ಮದುವೆಯಾದ ಮೇಲೆ, ಅಳಿಯನ ಮುಂದೆ ಮಾನ ಹೋಗಬಾರದು ಎಂದು ಅವರೇ ಒಪ್ಪಿ ನನ್ನ ಜೊತೆ ಗದಗಿನ ಡಾಕ್ಟರ ಹತ್ತಿರ ಬಂದರು. ಡಾಕ್ಟರು ಒಂದು ಗುಳಿಗೆ ಕೊಟ್ಟರು. ಅದನ್ನು ನುಂಗಿದವರು ಒಂದು ಗುಟುಕು ಕುಡಿದರೂ ಮೈಯೆಲ್ಲ ಕೆಂಪಾಗಿ, ವಾಂತಿಯಾಗಿ, ಉಸಿರು ಕಟ್ಟಿ ಜೀವಕ್ಕೇ ಅಪಾಯ ಎಂದು ನನ್ನನ್ನೂ ಅವರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. "ಕೆಮ್ಮಿನ ಔಷಧ ತಗೋಬೇಕಾದ್ರೂ ನನ್ನ ಕೇಳಿ ತಗೊಳ್ರಿ" ಎಂದರು. ಅಂದಿನಿಂದ ದಿನಾ ಮುಂಜಾನೆ ನಾನೇ ಗುಳಿಗೆ ಕೊಟ್ಟು, ನುಂಗುವವರೆಗೂ ಎದುರಿಗೆ ನಿಲ್ಲುತ್ತಿದ್ದೆ. ಓಣಿಯವರು ಕೇಳಿದರೆ ಬಿಪಿ ಗುಳಿಗೆ ಎನ್ನುತ್ತಿದ್ದೆವು. ತವರಿನ ಕಡೆಯವರಿಗೂ ಅಷ್ಟೇ. ಅಕ್ಕನಿಗೂ ಹೇಳಿರಲಿಲ್ಲ.

ಮಗ್ಗ ಮತ್ತೆ ಶುರುವಾಗಿತ್ತು. ಕುಬಸಕ್ಕೆ ದೀಪಾ ಉಟ್ಟ ಹಸಿರು ಸೀರೆ ಅವರೇ ನೇಯ್ದದ್ದು.

ವಿನಾಯಕ ಪುಣೆಯ ಕಡೆ ಕೆಲಸಕ್ಕೆ ಸೇರಿ ಕೆಲವು ವರ್ಷವಾಗಿತ್ತು. ಏನು ಕೆಲಸ ಎಂದರೆ ಅಕ್ಕ "ಶರಬತ್ತಿನ ಕಂಪನಿ" ಎನ್ನುತ್ತಿದ್ದಳು. ಒಳ್ಳೆಯ ಹುಡುಗ. ನನ್ನನ್ನು ಚಿಗವ್ವ ಎಂದು ಬಾಯಿ ತುಂಬ ಕರೆಯುತ್ತಾನೆ. ಬರುವಾಗ ಥರ್ಮಾಕೋಲ್ ಡಬ್ಬಿಯಲ್ಲಿ ಐಸು ತುಂಬಿ ಎರಡು ದೊಡ್ಡ ಬಾಟಲಿ ತಂದಿದ್ದ. ಕುಬಸದ ಗಡಿಬಿಡಿಯಲ್ಲಿ ಅದನ್ನು ತೆಗೆಯಲಾಗಲಿಲ್ಲ. ಮರುದಿನ ಅಕ್ಕ ಊರೊಳಗಿನ ಗೆಳತಿಯನ್ನು ನೋಡಿಬರುತ್ತೇನೆಂದು ಹೋದಳು. ಆಗ ವಿನಾಯಕ ಬಾಟಲಿ ಹೊರಗೆ ತೆಗೆದ.

"ಚಿಗವ್ವ, ಗಾಜಿನ ಗ್ಲಾಸ್ ಅದಾವೇನು? ಸ್ಟೀಲಿಂದು ಬ್ಯಾಡ. ಬಣ್ಣ ಕಾಣಬೇಕು."

ನೆಂಟರಿಗೆಂದು ಇಟ್ಟಿದ್ದ ಗ್ಲಾಸುಗಳನ್ನು ತೊಳೆದು ತಂದೆ. ಅವನು ಗ್ಲಾಸನ್ನು ಓರೆ ಹಿಡಿದು ನಿಧಾನವಾಗಿ ಸುರಿದ. ಮಾವಿನ ಶೀಕರಣೆಗೆ ನೀರು ಬೆರೆಸಿದ ಹಾಗಿತ್ತು. ಆಚೆ ಬದಿ ಕಾಣದಷ್ಟು ಕದಡಿದ ಹಳದಿ. ಮೇಲೆ ಬೆಳ್ಳಗೆ ನೊರೆ.

"ರಾಡಿ ರಾಡಿ ಐತಲ್ಲೋ. ಸೋಸಿಲ್ಲೇನು?" ಎಂದೆ.

"ಇದು ಹಿಂಗ ಇರಬೇಕು ಚಿಗವ್ವ, ಅದ ಇದರ ಗುಣ. ಇದಕ್ಕ ಹೇಜಿ ಐಪಿಎ ಅಂತಾರ. ಈ ಸಲದ್ದು ನಾನ ಮಾಡಿದ್ದು. ಇನ್ನೂ ಹೊರಗ ಬಿಟ್ಟಿಲ್ಲ. ನೀವು ಕುಡದು ಖರೇ ಖರೇ ಹೇಳ್ರಿ."

ಆ ಹೆಸರು ನನಗೆ ಏನೂ ಹೇಳಲಿಲ್ಲ. ಎಷ್ಟೋ ಕಂಪನಿಯ ತಂಪು ಪಾನೀಯಗಳಿಗೆ ಏನೇನೋ ಹೆಸರಿರುತ್ತವೆ.

ಅವನು ನನಗೆ ಕುಡಿಯುವುದನ್ನೂ ಕಲಿಸಿದ. ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಆಮೇಲೆ ಗ್ಲಾಸು ತುಸು ತಿರುಗಿಸಿ ಮೂಸಬೇಕು. ಆಮೇಲೆ ಒಂದು ಗುಟುಕು ನಾಲಿಗೆಯ ಮೇಲೆ ಹಿಡಿದು, ನುಂಗಿ, ಮೂಗಿನಿಂದ ಉಸಿರು ಬಿಡಬೇಕು. ಅವರ ಕಂಪನಿಯಲ್ಲಿ ಇದನ್ನೇ ಕೆಲಸವಾಗಿ ಮಾಡುತ್ತಾರಂತೆ. ನನಗೆ ನಗು ಬಂತು.

ಮೂಸಿದೆ. ಮಾವಿನಹಣ್ಣು. ಅದೂ ಹುಲ್ಲಿನಲ್ಲಿಟ್ಟು ಪೂರ್ತಿ ಕಳಿತ ಹಣ್ಣಿನ ತೊಟ್ಟಿನ ಹತ್ತಿರ ಇರುತ್ತದಲ್ಲ, ಆ ವಾಸನೆ. ಮತ್ತೆ ಮೂಸಿದರೆ ಪೇರಲ ಹಣ್ಣು. ಅದರ ಹಿಂದೆ ಈಗಷ್ಟೇ ಸುಲಿದ ಕಿತ್ತಳೆ ಸಿಪ್ಪೆ.

"ಎಷ್ಟ್ ನಮೂನಿ ಹಣ್ಣ ಹಾಕೀಯೋ?"

"ಒಂದೂ ಹಾಕಿಲ್ಲ!" ವಿನಾಯಕನ ಮುಖ ಅರಳಿತು. "ಎಲ್ಲಾ ಒಂದು ಬಳ್ಳಿ ಹೂವಿನ ವಾಸನಿ. ಉಳಿದದ್ದು ಕಾಳು, ಗೋದಿ, ಓಟ್ಸು. ಕುಡದ ನೋಡ್ರಿ."

ಗೋಧಿ ಎಂದ ಮೇಲೆ ನನಗೆ ಅಂಬಲಿ ನೆನಪಾಯಿತು. ಕುಡಿದೆ. ನಿಜವಾಗಿಯೂ ಅಂಬಲಿಯಂತೆ ನುಣ್ಣಗೆ ಒಳಗಿಳಿಯಿತು. ಕೊನೆಯಲ್ಲಿ ಮೋಸಂಬಿ ಬೀಜ ಕಚ್ಚಿದ ಹಾಗೆ ಒಂದಿಷ್ಟು ಕಹಿ ನಾಲಿಗೆಯ ಹಿಂಬದಿಯಲ್ಲಿ ಉಳಿಯಿತು. ಹಾಗೇ ಹೇಳಿದೆ. ವಿನಾಯಕ "ಆ ಕಹಿ ಹೆಚ್ಚಾತೇನು? ಇನ್ನಷ್ಟು ಕಡಿಮಿ ಮಾಡಬೇಕೇನು?" ಎಂದು ಬಹಳ ಗಂಭೀರವಾಗಿ ಕೇಳಿದ. "ಇರಲಿ ಬಿಡು, ಕಹಿ ಇದ್ರ ಇನ್ನೊಂದು ಗುಟುಕು ಬೇಕು ಅನಸ್ತೈತಿ" ಎಂದೆ. ನಾನೇ ಹೇಳಿದ ಮಾತದು.

ವಿನಾಯಕ ಇನ್ನೊಂದು ಬಾಟಲಿ ತರಲು ಒಳಗೆ ಹೋದಾಗ ದೀಪಾ ಹೊರಗೆ ಬಂದಳು. ನನ್ನ ಕೈಯಾರೆ ಗ್ಲಾಸು ಅವಳ ಮುಂದೆ ಹಿಡಿದೆ. ಮೂಸಿದವಳೇ "ಬ್ಯಾಡವ್ವ, ಹೊಟ್ಟಿ ತೊಳಸ್ತೈತಿ" ಎಂದು ಮುಖ ತಿರುಗಿಸಿ ಒಳಗೆ ಹೋಗಿ ಮಲಗಿದಳು. ಬಸುರಿಗೆ ಎಲ್ಲ ವಾಸನೆಯೂ ಹಾಗೇ ಎಂದುಕೊಂಡೆ.

ನಮ್ಮ ಮನೆಯವರು ಮಗ್ಗದಿಂದ ಎದ್ದು ಬಂದು ಚಾಪೆಯ ಮೇಲೆ ಕುಳಿತಿದ್ದರು. ವಿನಾಯಕ ಅವರ ಕೈಗೆ ಗ್ಲಾಸು ಕೊಟ್ಟ. ಅವರು ನೋಡಲಿಲ್ಲ, ತಿರುಗಿಸಲಿಲ್ಲ. ಮೂಗಿನ ಹತ್ತಿರ ತಂದು ಒಂದು ಕ್ಷಣ ಹಾಗೇ ಹಿಡಿದರು. ನನ್ನ ಕಡೆ ನೋಡಿದರು. ನಾನು ನಗುತ್ತಿದ್ದೆ. ಆಮೇಲೆ ಕುಡಿದರು.

"ಕಾಕಾ, ಹ್ಯಾಂಗೈತಿ ಹೇಳ್ರಿ" ಎಂದ ವಿನಾಯಕ.

"ಚಲೋ ಐತಿ" ಎಂದಷ್ಟೇ ಹೇಳಿ ಗ್ಲಾಸು ಬರಿದು ಮಾಡಿದರು. ಅವರಿಗೆ ಹಿಡಿಸಿತು ಎಂದು ವಿನಾಯಕ ಮತ್ತೆ ಸುರಿದ. ಅದನ್ನೂ ಕುಡಿದರು.

ಸ್ವಲ್ಪ ಹೊತ್ತಿಗೆ ಅವರ ಕಿವಿ ಕೆಂಪಾದವು. ನೋಡನೋಡುತ್ತ ಮುಖ, ಕುತ್ತಿಗೆ, ಕಣ್ಣು ಎಲ್ಲ ಬೆಂಕಿಯ ಮುಂದೆ ಕುಳಿತವರ ಹಾಗೆ ಕೆಂಪಗಾದವು. "ಎದಿ ಹೊಡಕೊಳ್ಳಾಕತ್ತೈತಿ" ಎಂದು ಅಂಗಿಯ ಗುಂಡಿ ಕಿತ್ತುಕೊಂಡರು. ಬೆವರು ಧಾರೆಯಾಗಿ ಇಳಿಯಿತು. ಎದ್ದು ನಿಲ್ಲಲು ಹೋಗಿ ಮಗ್ಗದ ಕಂಬ ಹಿಡಿದು ಅಲ್ಲೇ ಕುಸಿದರು. ಒಂದರ ಹಿಂದೆ ಒಂದು ವಾಂತಿ. ನಾನು ತಲೆ ಹಿಡಿದುಕೊಳ್ಳಲು ಬಾಗಿದೆ. ಆ ವಾಂತಿಯಿಂದ ನನಗೆ ಗೊತ್ತಿದ್ದ ವಾಸನೆ ಎದ್ದುಬಂತು. ಮಾವು ಇಲ್ಲ, ಪೇರಲ ಇಲ್ಲ. ಅದೇ ಹಳೆಯ, ಮೂಗು ಸುಡುವ ಹುಳಿ.

"ವಿನ್ಯಾ! ಇದೇನೋ ಇದು? ಏನ್ ಕುಡಿಸಿದ್ಯೋ?"

"ಬಿಯರ್, ಚಿಗವ್ವ." ಅವನ ಮುಖ ಬಿಳಚಿಕೊಂಡಿತ್ತು. "ನಾ ಬಿಯರ್ ಮಾಡ್ತೀನಲ್ಲ... ಅವ್ವ ಹೇಳಿಲ್ಲೇನು?"

"ನಿನ್ನವ್ವ ಶರಬತ್ತ ಅಂದಾಳೋ! ಅವರು ಗುಳಿಗಿ ತಗೋತಾರೋ, ಕುಡಿಯೂದು ಬಿಡೂ ಗುಳಿಗಿ!"

ಅವನು ಏನೂ ಅರ್ಥವಾಗದೆ ನನ್ನನ್ನೇ ನೋಡಿದ. ನಾವು ನಮ್ಮದನ್ನು ಮುಚ್ಚಿಟ್ಟಿದ್ದೆವು, ಅಕ್ಕ ತನ್ನದನ್ನು ಮುಚ್ಚಿಟ್ಟಿದ್ದಳು. ನಡುವೆ ಸಿಕ್ಕವನು ಅವನು.

ನಾನು ಬೀದಿಗೆ ಓಡಿದೆ. ಪಕ್ಕದ ಮನೆಯ ಖಾದರಸಾಬರು ಸಂತೆಗಳಿಗೆ ಹಣ್ಣು ಸಾಗಿಸುವ ತಮ್ಮ ಟಂಟಂ ಗಾಡಿ ತೊಳೆಯುತ್ತಿದ್ದರು. ನನ್ನ ಮುಖ ನೋಡಿಯೇ ಬಕೆಟ್ಟು ಅಲ್ಲೇ ಬಿಟ್ಟರು. "ಏನಾತ್ರಿ ವೈನಿ?" ಎನ್ನುತ್ತಲೇ ಒಳಗೆ ಬಂದು, ವಿನಾಯಕನ ಕೂಡ ಸೇರಿ ಅವರನ್ನು ಎತ್ತಿ ಗಾಡಿಯ ಹಿಂದೆ ತಾಡಪತ್ರಿಯ ಮೇಲೆ ಮಲಗಿಸಿದರು. ದೀಪಾಳನ್ನು ಖಾದರಸಾಬರ ಹೆಂಡತಿ ನೋಡಿಕೊಂಡರು. ದಾರಿಯಲ್ಲಿ ನಮ್ಮ ಮನೆಯವರ ಕೆಂಪು ಇಳಿದು ಮುಖ ಬೂದಿ ಬಣ್ಣಕ್ಕೆ ತಿರುಗಿತು. ಕೈ ಮುಟ್ಟಿದರೆ ತಣ್ಣಗಿತ್ತು. ನಾನು "ಕಣ್ಣ ತೆಗೀರಿ, ಇಲ್ಲಿ ನೋಡ್ರಿ" ಎನ್ನುತ್ತಲೇ ಇದ್ದೆ.

ದವಾಖಾನೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಇದ್ದರು. ರಕ್ತದೊತ್ತಡ ನೋಡಿ, ಸಲೈನು ಹಚ್ಚುತ್ತಲೇ ಕೇಳಿದರು, "ದಿನಾ ಯಾವ್ ಗುಳಿಗಿ ತಗೋತಾರ? ಬಿಪಿದೇನು?"

ಖಾದರಸಾಬರು ಅಲ್ಲೇ ನಿಂತಿದ್ದರು. ವಿನಾಯಕ ನಿಂತಿದ್ದ. ನಮ್ಮ ಓಣಿಯ ಇನ್ನಿಬ್ಬರು ಬಾಗಿಲಲ್ಲಿ ಇಣುಕುತ್ತಿದ್ದರು. "ಬಿಪಿ ಅಲ್ರಿ, ಕುಡಿತ ಬಿಡಿಸೂ ಗುಳಿಗಿ. ಈಗ ಗೊತ್ತಿಲ್ಲದ ಬಿಯರ್ ಕುಡದಾರ" ಎಂದು ಎಲ್ಲರ ಮುಂದೆ ಹೇಳಿದೆ. ಡಾಕ್ಟರಮ್ಮ ಆ ಕ್ಷಣವೇ ಆಮ್ಲಜನಕ ಹಚ್ಚಿಸಿ, ಗದಗಿಗೆ ಫೋನು ಮಾಡಿ ಆಂಬ್ಯುಲೆನ್ಸ್ ತರಿಸಿದರು. "ಲಗೂ ಹೇಳಿದ್ದು ಚಲೋ ಆತ್ರಿ, ಇಲ್ಲಂದ್ರ ನಾವು ಬರೇ ಹಾರ್ಟಿಂದು ನೋಡ್ತಿದ್ವಿ" ಎಂದರು.

ಗದಗಿನ ದಾರಿಯಲ್ಲಿ ರೋಣ ದಾಟುವಾಗ ನಮ್ಮ ಮನೆಯವರು ಮಾತಿಗೆ ಓಗೊಡುವುದನ್ನೂ ನಿಲ್ಲಿಸಿದರು. ಆಂಬ್ಯುಲೆನ್ಸಿನಲ್ಲಿದ್ದ ನರ್ಸು ಎದೆ ಉಜ್ಜುತ್ತ ಹೆಸರು ಹಿಡಿದು ಕೂಗುತ್ತಿದ್ದಳು. ಕಿಟಕಿಯಾಚೆ ರೋಣದ ಬಜಾರಿನಲ್ಲಿ ಜನ ಮಾವಿನಹಣ್ಣು ಆರಿಸಿ ಕೊಳ್ಳುತ್ತಿದ್ದರು.

ಗದಗಿನಲ್ಲಿ ಅವರನ್ನು ಐಸಿಯುಗೆ ಹಾಕಿದರು. ಅಕ್ಕ ಬಂದವಳು ನನ್ನನ್ನು ಮೂಲೆಗೆ ಕರೆದು ಮೊದಲು ಕೇಳಿದ್ದು, "ನನ್ನ ಮಗ ಬಿಯರ್ ಮಾಡ್ತಾನ ಅಂತ ಯಾರ ಮುಂದ ಹೇಳೀದಿ?" ಎಂದು. ಇನ್ನೂ ಹೆಣ್ಣು ನೋಡಬೇಕಿತ್ತಲ್ಲ ಅವನಿಗೆ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಆಗಿದೆ. ವಿನಾಯಕ ಮಾತ್ರ ಐಸಿಯು ಬಾಗಿಲ ಎದುರಿನ ನೆಲದ ಮೇಲೆ, ಊಟ ಬಿಟ್ಟು, ಗೋಡೆಗೆ ಆತು ಕುಳಿತೇ ಇದ್ದ. "ಚಿಗವ್ವ, ಕಾಕಾಗ ಏನರ ಆದ್ರ ನಾ ಹ್ಯಾಂಗ ಬದುಕಲಿ" ಎಂದು ಸಣ್ಣ ಮಗುವಿನ ಹಾಗೆ ಅತ್ತ.

ಅವರು ಉಳಿದರು. ವಾರ್ಡಿಗೆ ತಂದ ಮೇಲೆ ವಿನಾಯಕ ಕಾಲು ಹಿಡಿದುಕೊಳ್ಳಲು ಹೋದ. ಅವರು ಅವನ ಕೈ ಹಿಡಿದು, "ನಿನ್ನ ತಪ್ಪ ಏನೂ ಇಲ್ಲಪಾ. ಹೋಗಿ ಉಂಡ ಬಾ" ಎಂದು ಕಳಿಸಿದರು. ಅವನು ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

"ಕಸ್ತೂರಿ, ನನಗ ಗೊತ್ತಾಗಿತ್ತು" ಎಂದರು.

"ಏನು?"

"ಗ್ಲಾಸ್ ಮೂಗಿಗೆ ಹಿಡದಾಗ ಗೊತ್ತಾತು, ಒಳಗ ಏನೈತಿ ಅಂತ. ನೀವು ಹಣ್ಣ, ಹೂವು ಅನ್ನಾಕತ್ತಿದ್ರಿ. ನನಗ ಹಣ್ಣ ಬರಲೇ ಇಲ್ಲ. ಅದೊಂದ ಬಂತು."

"ಗೊತ್ತಿದ್ದೂ ಯಾಕ ಕುಡದ್ರಿ? ಡಾಕ್ಟರ್ ಹೇಳಿದ್ದು ಮರತ್ರೇನು?"

"ನೀ ನಗತಿದ್ದಿ. ಅದನ್ನ ಕೈಯಾಗ ಹಿಡದು ನೀ ನಗೂದನ್ನ ನಾ ಯಾವತ್ತೂ ನೋಡಿರಲಿಲ್ಲ. ಒಮ್ಮೆ ನಿನ್ನ ಜೋಡಿ ಕುಂತು..." ಎಂದರು. ಅಲ್ಲಿಗೇ ನಿಲ್ಲಿಸಿ ತಲೆ ಅಲ್ಲಾಡಿಸಿದರು. "ಅಲ್ಲ. ಇದು ಸುಳ್ಳು. ಈಗ ನೆವ ಹುಡುಕಾಕತ್ತೀನಿ. ಗ್ಲಾಸ್ ಕೈಗೆ ಬಂತು. ಕೆಳಗ ಇಡಾಕ ಆಗಲಿಲ್ಲ. ಅಷ್ಟ."

ನನಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಎದ್ದು ಹೋಗಿ ನೀರು ತುಂಬಿಕೊಂಡು ಬಂದೆ.

ಅವರ ಹೃದಯಕ್ಕೆ ಪೆಟ್ಟಾಗಿದೆ. ಆ ಗುಳಿಗೆಯನ್ನು ಇನ್ನು ಕೊಡುವ ಹಾಗಿಲ್ಲ ಎಂದು ಡಾಕ್ಟರು ನಿಲ್ಲಿಸಿಬಿಟ್ಟರು. ಮಗ್ಗಕ್ಕೆ ಕೂತರೆ ಏದುಸಿರು ಬರುತ್ತದೆ. ದೀಪಾಳಿಗೆ ಹೆಣ್ಣು ಮಗು ಆಯಿತು, ಅವರು ಅದನ್ನು ತೊಡೆಯ ಮೇಲೆ ಹಾಕಿಕೊಂಡು ಗಂಟೆಗಟ್ಟಲೆ ಕೂಡುತ್ತಾರೆ. ಇಲ್ಲಿಯವರೆಗೆ ಕುಡಿದಿಲ್ಲ ಎನ್ನುತ್ತಾರೆ. ನಂಬಬೇಕು. ಅವರು ಹೊರಗೆ ಹೋಗಿಬಂದರೆ ನಾನು ಈಗ ಹತ್ತಿರ ಹೋಗಿ ಮೂಸಿ ನೋಡುವುದಿಲ್ಲ. ನನ್ನ ಮೂಗಿನ ಮೇಲೆ ನನಗೇ ಭರವಸೆ ಹೋಗಿದೆ.

ಆ ದಿನ ಅದು ನನಗೆ ಬಹಳ ರುಚಿಸಿತ್ತು ಎಂಬುದನ್ನು ಅವರಿಗೂ ಹೇಳಿಲ್ಲ. ಎಷ್ಟೋ ವರ್ಷ "ಅದರಾಗ ಏನೈತಿ ಅಂತ ಕುಡೀತೀರಿ?" ಎಂದು ಜಗಳ ಮಾಡಿದವಳು ನಾನು. ಈಗ ಹಾಗೆ ಕೇಳುವ ಬಾಯಿ ನನಗಿಲ್ಲ.

ಆದರೆ ಒಂದು ಮಾತ್ರ ಬದಲಾಗಿದೆ. ನಮ್ಮ ಮನೆಗೆ ಯಾರೇ ಹೊಸಬರು ಬರಲಿ, ನೆಂಟರಾಗಲಿ, ಅಳಿಯನ ಗೆಳೆಯರಾಗಲಿ, ಅವರು ಚಪ್ಪಲಿ ಬಿಡುವಾಗಲೇ ಹೇಳುತ್ತೇನೆ: "ನಮ್ಮ ಮನಿಯವರು ಕುಡಿತ ಬಿಟ್ಟವರದಾರ್ರಿ. ಏನರ ಕುಡಿಯಾಕ ಕೊಡೂದಿದ್ರ ಮೊದಲ ನನ್ನ ಕೇಳ್ರಿ." ಒಳಗೆ ಕೂತ ಅವರಿಗೆ ಪ್ರತಿ ಸಲವೂ ಅದು ಕೇಳಿಸುತ್ತದೆ. ಆಗ ಅವರು ಮಗುವಿನ ಮೇಲೆ ಬಾಗಿ ಅದರ ಟೋಪಿ ಸರಿಮಾಡುತ್ತಾರೆ. ನಾನು ಅವರ ಮುಖ ನೋಡದೆ ಚಹಾ ಇಡಲು ಒಳಗೆ ಹೋಗುತ್ತೇನೆ.